ಪಾಲಿಗೆ ಬಿಟ್ಟ ಕೋಳಿ

ಕೋಳಿ ಸಲುವಾಗಿ ಒಡಹುಟ್ಟಿದಾಕಿ ಜೋಡಿ ಮಾತು ಬಿಟ್ಟಾಳ ಅಂತ ಮಂದಿ ನನ್ನ ಆಡಿಕೊಂಡು ನಕ್ಕಾರ. ನಗಲಿ. ನಕ್ಕವರೊಳಗ ಒಬ್ಬರರ ಐದು ವರ್ಷ ಕುಂತು ಒಂದು ತಳಿ ಕಟ್ಟ್ಯಾರೇನು? ಹುಂಜದ ಬೆನ್ನ ಹತ್ತಿ ಓಡೂದು, ಹಿಡದು ಸಾರು ಮಾಡೂದು, ಅವರಿಗೆ ಗೊತ್ತಿದ್ದದ್ದು ಅಷ್ಟ.

ಆಗ ನಾವು ಧುಪದಾಳದಾಗ ಇದ್ವಿ. ಇಂಗ್ರೇಜರ ಕಾಲ. ನನ್ನ ಗಂಡಗ ಒಡ್ಡಿನ ಬಾಗಲಾ ತಗದು ಕಾಲುವಿಗೆ ನೀರು ಬಿಡೂ ಕೆಲಸ. ಒಡ್ಡಿನ ಬಾಜೂಕ ಸಾಹೇಬರ ಬಂಗಲೆ. ಆ ಬಂಗಲೆದಾಗ ಅಡಗಿ ಮಾಡೂ ಖಾನಸಾಮಾ ಒಂದು ವಿಲಾಯತಿ ಹುಂಜ ಸಾಕಿದ್ದ. ಏನ್ ಗಾತರ ಅಂತೀರಿ! ನಮ್ಮ ಹುಂಜ ಅದರ ಮಗ್ಗಲಿಗೆ ನಿಂತರ ಮರಿ ಕಂಡಂಗ ಕಾಣತಿತ್ತು. ಆದರ ಮೈಬಣ್ಣ ಬರೇ ಬೂದಿ, ಗುಣ ಅಂತೂ ಕೇಳಬ್ಯಾಡ್ರಿ, ಕಂಡಕಂಡವರ ಕಾಲಿಗೆ ಕುಕ್ಕತಿತ್ತು. ನಮ್ಮ ಮನಿ ಕೋಳಿ ಸಣ್ಣವು, ಖರೆ. ಬಣ್ಣ ಮಾತ್ರ ನೋಡಬೇಕು. ಕೊರಳಾಗ ಅರಿಷಿಣ, ಬೆನ್ನಮ್ಯಾಲ ಕೆಂಪು, ಬಾಲದಾಗ ಹಸರು ಮಿಂಚು. ಎರಡೂ ಕೂಡಿದರ ಹೆಂಗ ಅಂತ ನನ್ನ ತಲ್ಯಾಗ ಹೊಕ್ಕಿತು. ಖಾನಸಾಮಾಗ ದಿನಾ ಬೆನ್ನ ಹತ್ತಿ, ಹದಿನೈದು ದಿವಸದ ಮಟ್ಟಿಗೆ ಆ ಹುಂಜ ಇಸಕೊಂಡು ಬಂದ್ನಿ.

ಮೊದಲನೇ ಸಲ ಹುಟ್ಟಿದ ಮರಿ ಒಂದೂ ಸರಿ ಇರಲಿಲ್ಲ. ಗಾತರ ಬಂದದ್ದಕ್ಕ ಬಣ್ಣ ಇಲ್ಲ, ಬಣ್ಣ ಬಂದದ್ದು ಮೈಮ್ಯಾಲ ಏರಿ ಬರತಿತ್ತು. ಕುಕ್ಕೂವನ್ನೆಲ್ಲಾ ಸಾರು ಮಾಡಿದ್ನಿ. ನುಚ್ಚು ಹಿಡದು ಕುಂತ್ರ ಯಾವುದು ತಾನಾಗಿ ಬಂದು ತೊಡಿ ಏರತಿತ್ತೋ ಅದರ ತತ್ತಿ ಅಷ್ಟ ಕಾವಿಗೆ ಇಡತಿದ್ನಿ. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ಐದನೇ ವರ್ಷಕ್ಕ ನನ್ನ ಹಿತ್ತಲದಾಗ ಎಂಥಾ ಹುಂಜ ಎದ್ದು ನಿಂತಿತು ಅಂದ್ರ, ದಾರಿ ಮ್ಯಾಲ ಹೋಗೂ ಗಾಡಿ ನಿಲ್ಲತಿದ್ದವು. ಅಷ್ಟು ದೊಡ್ಡದು, ಆದರೂ ಕೂಸಿನಂಗ ಬಗಲಾಗ ಕುಂಡ್ರತಿತ್ತು. ಬಾಜೂ ಮನಿ ಜೈನರ ಅವ್ವಾರು ತತ್ತಿ ಮುಟ್ಟೂದು ದೂರ, ಹೆಸರು ಸೈತ ಎತ್ತತಿರಲಿಲ್ಲ. ಅವರೂ ಕಟ್ಟಿಗೆ ಬಂದು, "ತಾ ಇಲ್ಲೆ, ನಾ ಒಂದೀಟ ಹಿಡಕೋತೇನಿ" ಅನ್ನತಿದ್ದರು.

ಇಷ್ಟೆಲ್ಲಾ ಮಾಡಿ ಒಂದ ಹಿತ್ತಲದಾಗ ಇಟ್ಟರ ರೋಗ ಬಂದಾಗ ತಳೀನ ಹೋಗತೈತಿ. ಅದಕ್ಕಂತ ನಮ್ಮಲ್ಲಿ ಪಾಲಿಗೆ ಬಿಡೂ ಪದ್ಧತಿ. ಕೋಳಿ ನನ್ನದು, ಸಾಕೂದು ನೀ; ಮರಿ ಅರ್ಧಾ ನಿನಗ, ಅರ್ಧಾ ನನಗ. ಪಾಲಿನ ಕೋಳಿ ಸತ್ತರ ಅದರ ಗರಿ ತಂದು ತೋರಸಬೇಕು, ಇಲ್ಲಾಂದ್ರ ಮಾರಿಕೊಂಡ್ರು ಅಂತಾನ ಲೆಕ್ಕ. ನಾ ಒಂದು ಹುಂಜ, ಎರಡು ಹ್ಯಾಟಿ ಕೋಳಿ ಬುಟ್ಟ್ಯಾಗ ಹಾಕಿಕೊಂಡು ಅಕ್ಕನ ಊರಿಗೆ ಹೋದ್ನಿ. ಹುಕ್ಕೇರಿ ಹತ್ರ ಅಕಿನ ಕೊಟ್ಟ ಮನಿ. ಅವ್ವ ಸತ್ತಾಗ ನಾ ನಾಕ ವರ್ಷದಾಕಿ, ನನ್ನ ತಲಿ ಹಿಕ್ಕಿ, ಉಣಿಸಿ ದೊಡ್ಡಾಕಿನ್ನ ಮಾಡಿದಾಕಿ ಅಕ್ಕನ. ಅಕಿಗಲ್ಲದ ಇನ್ಯಾರಿಗೆ ಕೊಡಲಿ? "ನನ್ನ ಕಣ್ಣಿನಂಗ ನೋಡ್ಕೋತೇನಿ, ಹೋಗ" ಅಂದ್ಲು.

ಮರುವರ್ಷ ಬ್ಯಾಸಗ್ಯಾಗ ನಮ್ಮ ಕಡೆ ಕೋಳಿರೋಗ ಬಂತು. ಮುಂಜಾನೆ ತಲಿ ಜೋತು ಬೀಳತಿದ್ದವು, ಸಂಜಿಗೆ ಕಾಲು ಸೆಟೆದು ಮಲಗತಿದ್ದವು. ಎಂಟ ದಿವಸದಾಗ ನನ್ನ ಹಿತ್ತಲ ಖಾಲಿ. ಹುಂಜ ನನ್ನ ತೊಡಿ ಮ್ಯಾಲ ಸತ್ತಿತು. ಅತ್ನಿ, ಖರೆ, ಆದರೂ ಒಳಗ ಒಂದು ಧೈರ್ಯ ಇತ್ತು, ಅಕ್ಕನ ಮನ್ಯಾಗ ಬೀಜ ಐತಲ್ಲ ಅಂತ. ಹುಕ್ಕೇರಿಗೆ ಹೊಂಟಿದ್ದ ಗಾಡಿಯವಗ ಹೇಳಿ ಕಳಿಸಿದ್ನಿ, ನನ್ನ ಪಾಲಿಂದು ಒಂದು ಜೋಡಿ ಕಳಸು ಅಂತ. ಅಂವ ತಿರುಗಿ ಬರುವಾಗ ಒಂದು ಅರಿವಿ ಗಂಟು ತಂದ. ಬಿಚ್ಚಿದರ ಗರಿ. ಅರಿಷಿಣ ಗರಿ, ಕೆಂಪು ಗರಿ, ಹಸರು ಮಿಂಚಿನ ಬಾಲದ ಗರಿ. "ಅಲ್ಲೂ ಎಲ್ಲಾ ಸತ್ತುವಂತರಿ" ಅಂದ. ಆ ಗಂಟು ಎದಿಗೆ ಒತ್ತಿಕೊಂಡು ಅಕ್ಕನ ಸಲುವಾಗಿ ಮರುಗಿದ್ನಿ ನಾನು, ನನ್ನಂಥಾ ಹುಚ್ಚಿ! ಪಾಪ, ಅಕಿಗೆಷ್ಟು ಸಂಕಟ ಆಗಿದ್ದೀತು ಅಂತ.

ಮಳಿಗಾಲ ಕಳೆದ ಮ್ಯಾಲ ಗೋಕಾಕ ಸಂತಿಗೆ ಹೋಗಿದ್ನಿ. ಕೋಳಿ ಮಾರಾಂವ ತನ್ನ ಮುಂದ ಒಂದು ಕೋಳಿ ಕಾಲು ಕಟ್ಟಿ ಒಗದಿದ್ದ. ಅದ ಕೊರಳು, ಅದ ಬೆನ್ನು. ಕುಕ್ಕರಗಾಲಿಲೆ ಕುಂತು ಕೈ ಚಾಚಿದ್ನಿ. ಕಾಲು ಕಟ್ಟಿದ್ದರೂ ತೆವಳಿಕೊಂತ ಬಂದು ಅಂಗೈಮ್ಯಾಲ ತಲಿ ಇಟ್ಟಿತು. "ಎಲ್ಲೀದೋ ಇದು?" ಅಂದ್ನಿ.

"ಹುಕ್ಕೇರಿ ಕಡೀದ್ರಿ. ಅಲ್ಲೊಬ್ಬಾಕಿ ಹಿತ್ತಲ ತುಂಬ ಸಾಕ್ಯಾಳ. ಇದನ್ನ ಅಗ್ದಿ ಈಗ ಇವರಿಗೆ ಕೊಟ್ಟುಬಿಟ್ಟೆ ನೋಡ್ರಿ" ಅಂತ ಬಾಜೂಕ ನಿಂತವನ ಕಡೆ ಕೈ ಮಾಡಿದ. ಆ ಮನಿಷ್ಯಾ ನನ್ನ ಕೈಯಾಗಿಂದ ಅದನ್ನ ಎತ್ತಿಕೊಂಡು ಹೋದ.

ಮರುದಿನಾನ ಅಕ್ಕನ ಊರಿಗೆ ನಡದ್ನಿ. ಬಾಗಲದಾಗ ಹೋಗಲಿಲ್ಲ, ಸೀದಾ ಹಿತ್ತಲಕ್ಕ ಹೊಕ್ಕೆ. ಇಪ್ಪತ್ತರ ಮ್ಯಾಲ ಇದ್ದವು. ನಾ ಕೊಟ್ಟ ಹುಂಜ ನಡುವ ನಿಂತಿತ್ತು, ಹೊಸಾ ಗರಿ ಮೂಡಿ ಥಳಥಳ ಹೊಳೀತಿತ್ತು. ವರ್ಷಕ್ಕೊಮ್ಮೆ ಕೋಳಿ ತಾವಾಗಿ ಗರಿ ಉದರಸತಾವ, ಅದನ್ನ ಗುಡಿಸಿ ನನಗ ಕಳಿಸಿದ್ಲು ಅಕ್ಕ. ಕಿತ್ತ ಗರಿ ಬ್ಯಾರೆ, ಉದುರಿದ ಗರಿ ಬ್ಯಾರೆ, ಬುಡ ನೋಡಿದರ ಸಣ್ಣ ಹುಡುಗೂರಿಗೂ ತಿಳೀತೈತಿ. ನಾ ಬುಡ ನೋಡಿರಲಿಲ್ಲ.

"ಏನವಾ ಇದು?" ಅಂತ ಚೀರಿದ್ನಿ. ಓಣಿ ಕೂಡಿತು.

ಅಕ್ಕಗ ನಾಚಿಕಿ ಇಲ್ಲ. "ಸಾಕಿದಾಕಿ ನಾ. ಈ ಊರಾಗ ಎಲ್ಲಾರೂ ಇದಕ್ಕ ನನ್ನ ಕೋಳಿ ಅಂತಾರ. ಜನ್ಮದಾಗ ಒಂದು ವಸ್ತು ನಂದು ಅನ್ನಿಸಿಕೊಂಡೈತಿ. ನಿನಗ ಕೊಟ್ಟರ ಮತ್ತ ನಿಂದ ಅಂತಾರ" ಅಂದ್ಲು.

ಊರ ಗೌಡರು ಬಂದು ಕೇಳಿದರು. "ಪಾಲಂದ ಮ್ಯಾಲ ಪಾಲು. ತಂಗಿಗೆ ಒಂದು ಜೋಡಿ ಕೊಡಬೇಕವಾ" ಅಂದರು. ಅಕ್ಕ ತಲಿ ತಗ್ಗಿಸಿ ಹೂಂ ಅಂದ್ಲು. ಅವತ್ತು ಅಲ್ಲೇ ಉಳಿದ್ನಿ.

ಮುಂಜಾನೆ ಅಕ್ಕ ತಾನಾಗಿ ಹತ್ರ ಬಂದ್ಲು. ಕಣ್ಣು ಕೆಂಪಾಗಿದ್ದವು. "ನಂದ ತಪ್ಪಾತು. ಜೋಡಿ ಯಾಕ ಒಯ್ತಿ? ನಿನ್ನ ಹಿತ್ತಲದಾಗ ಇನ್ನೂ ರೋಗ ಉಳದಿದ್ದರ ಎರಡೂ ಸಾಯತಾವ. ತತ್ತಿ ಒಯ್ಯಿ, ಹನ್ನೊಂದು ಇಟ್ಟೇನಿ" ಅಂತ ಹೊಟ್ಟು ತುಂಬಿದ ಬುಟ್ಟಿ ಕೈಗೆ ಕೊಟ್ಲು. ಮಾತು ನನಗೂ ಬರೋಬ್ಬರಿ ಅನಸ್ತು. ತತ್ತಿ ಇನ್ನೂ ಬೆಚ್ಚಗಿದ್ದವು, ಕಾವು ಕುಂತ ಕೋಳಿ ಬುಡದಾಗಿಂದ ತಗದಾಳ ಅನ್ಕೊಂಡ್ನಿ. ಆಮ್ಯಾಲ ನನ್ನ ತಬ್ಬಿಕೊಂಡು ಅತ್ಲು, ಸಣ್ಣಾಕಿದ್ದಾಗ ಮಾಡತಿದ್ದಂಗ ತಲಿ ಸವರಿದ್ಲು. ನನ್ನ ಸಿಟ್ಟು ಕರಗಿ ನೀರಾತು. ದಾರಿ ಉದ್ದಕ್ಕೂ ಬುಟ್ಟಿ ಅಲುಗದಂಗ ಹಿಡಕೊಂಡು ಬಂದ್ನಿ.

ಕಾವಿಗೆ ಬಂದ ಕೋಳಿ ಒಂದನ್ನ ಖಾನಸಾಮಾನ ಕಡೆಯಿಂದ ಇಸಕೊಂಡು ಕುಂಡ್ರಿಸಿದ್ನಿ. ಏಳನೇ ದಿವಸ ತತ್ತಿ ಬೆಳಕಿಗೆ ಹಿಡದು ಜೀವಾ ಕೂಡ್ಯಾವೋ ಇಲ್ಲೋ ನೋಡೂ ರೂಢಿ ನಂದು. ಆ ಸಲ ನೋಡಲಿಲ್ಲ. ತತ್ತಿ ಕೈತನಕ ಬಂತು, ಮತ್ತ ಇಟ್ಟುಬಿಟ್ಟೆ. ಅಕ್ಕ ಅಷ್ಟು ಅತ್ತು ಕೊಟ್ಟಾಳ, ಮತ್ತ ಸಂಶೆ ಪಡೂದಾ? ಅನಸ್ತು.

ಇಪ್ಪತ್ತೊಂದು ದಿವಸ ಆತು. ಇಪ್ಪತ್ತೆರಡು, ಇಪ್ಪತ್ತಮೂರು. ಒಂದೂ ಬಿರೀಲಿಲ್ಲ. ಇಪ್ಪತ್ತೈದನೇ ದಿವಸ ಕೋಳಿ ಎಬ್ಬಿಸಿ ಒಂದನ್ನ ಕಲ್ಲಿಗೆ ಬಡದ್ನಿ. ನಾತ ಮಾರಿಗೆ ಹೊಡೀತು. ಆದರ ಒಳಗಿಂದು ಹರೀಲಿಲ್ಲ. ಬಿಳೇದು ಗಟ್ಟಿ ಆಗಿ ಕುಂತಿತ್ತು, ನಡುವ ಹಳದಿ ಉಂಡಿ. ಇನ್ನೊಂದು ಒಡದ್ನಿ, ಮತ್ತೊಂದು ಒಡದ್ನಿ. ಹನ್ನೊಂದೂ ಕುದಿಸಿದ್ದವು.

ಅಂದ್ರ ನನ್ನ ತಬ್ಬಿಕೊಂಡು ಅಳೂಕ್ಕಿಂತ ಮೊದಲ ಅಕಿ ಒಲಿ ಹಚ್ಚಿ ನೀರು ಕಾಸಿದ್ಲು. ಹಾಳಾಗಿ ಹೋಗ ಅಂತ ಬೈಯಾಕ ಬಾಯಿ ತಗದ್ನಿ. ಬಾಯಾಗ ಬಂದದ್ದು ಮಾತ್ರ, "ಅಕ್ಕಾ."