ಆ ಮನೆ

ನಮ್ಮ ಚನ್ನಗಿರಿಯ ಮನೆಯಲ್ಲಿ ‘ಆ ಮನೆ’ ಎಂದರೆ ಯಾವ ಮನೆ ಎಂದು ಯಾರೂ ಕೇಳುತ್ತಿರಲಿಲ್ಲ. ಶೇಂಗಾ ವ್ಯಾಪಾರಕ್ಕೆಂದು ಜಗಳೂರಿಗೆ ಹೋಗುತ್ತಿದ್ದ ಅಪ್ಪ ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದರು. “ಆ ಮನೇಗೆ ಹೋಗ್ಯಾರೆ” ಎಂದು ಅವ್ವ ಮುಖ ತಿರುಗಿಸಿದರೆ ಮಾತು ಮುಗಿಯಿತು. ಮುಖ ತಿರುಗಿಸುವುದನ್ನು ನಾನೂ ಬೇಗ ಕಲಿತೆ.

ಎಂಬತ್ತರ ದಶಕದ ಆರಂಭದಲ್ಲಿ ನನಗೆ ಇಂಗ್ಲಿಷ್ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಹಣೆಬರಹಕ್ಕೆ ಹಾಕಿದ್ದು ಜಗಳೂರಿಗೇ. ಮೊದಲ ದಿನ ಹಾಜರಿ ಕೂಗುವಾಗ ಒಬ್ಬ ಹುಡುಗಿಯ ಹೆಸರಿನ ಜೊತೆ ನಮ್ಮ ಅಪ್ಪನ ಹೆಸರಿತ್ತು. ತಲೆಯೆತ್ತಿ ನೋಡಿದರೆ ನನ್ನದೇ ಮೂಗು. ಇಬ್ಬರೂ ಗುರುತಿಲ್ಲದವರಂತೆ ಇದ್ದುಬಿಟ್ಟೆವು. ಕಾಲೇಜಿಗೆ ವಿಷಯ ತಿಳಿದರೆ ತಲೆಯೆತ್ತಿ ಹೇಗೆ ಓಡಾಡಲಿ ಎಂಬುದೊಂದೇ ನನ್ನ ಚಿಂತೆ.

ನಮ್ಮ ಹುಡುಗರಿಗೆ ‘ದಿ’ ಎಂದರೆ ತಲೆನೋವು. ‘ದಿ ಸನ್’ ಕೊಟ್ಟರೆ ‘ಆ ಸೂರ್ಯ’ ಎಂದು ಬರೆಯುವರು, ಮನೆಯ ಹಿಂದೆ ಇನ್ನೊಬ್ಬ ಸೂರ್ಯ ಇದ್ದ ಹಾಗೆ. ಬೈದು ಸಾಕಾಗಿ, ಎಂ.ಎ.ಯಲ್ಲಿ ಓದಿದ್ದ ಸೋಗ್ಡಿಯನ್ ಭಾಷೆಯ ಕಥೆ ತೆಗೆದೆ. ಸಮರ್‌ಖಂಡದ ಕಡೆಯ ವರ್ತಕರು ಆಡುತ್ತಿದ್ದ, ಈಗ ಸತ್ತುಹೋದ ನುಡಿ ಅದು. ಅದರಲ್ಲಿ ‘ಈ’, ‘ಆ’ ಎಂದು ಬೆರಳು ಮಾಡುತ್ತಿದ್ದ ಪದಗಳು ಬಳಸಿ ಬಳಸಿ ಸವೆದು, ಕೇಳುವವರಿಗೆ ಮೊದಲೇ ಗೊತ್ತಿರುವುದನ್ನು ಸೂಚಿಸುವ ‘ದಿ’ ಆದವು ಎಂದೆ.

“ನಿಮ್ಮನೇಲಿ ಬೆರಳು ತೋರಿಸ್ದೇನೇ ಎಲ್ರಿಗೂ ತಿಳಿಯೋ ‘ಆ’ ಯಾವ್ದೈತ್ರೋ?”

ಆ ಹುಡುಗಿ ಎದ್ದು ನಿಂತಳು. “ಆ ಮನೆ ಅಂತಾರ್ರಿ, ಮೇಡಂ.”

“ಯಾವ ಮನೆ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದ.

“ಚನ್ನಗಿರ್‍ಯಾಗ ಐತೆ,” ಎಂದು ಹೇಳಿ ಕೂತಳು.

ಯಾರಿಗೂ ಏನೂ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕೈ ಮೂಗಿನ ಮೇಲಿತ್ತು. ನಾಚಿಕೆಯೆಲ್ಲ ಜಗಳೂರಿನ ಮನೆಯವರ ಪಾಲಿನದು ಎಂದೇ ತಿಳಿದು ಬೆಳೆದವಳು ನಾನು. ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಶನಿವಾರ ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಅವಳ ಕೈ ನಿಂತಿತು.

“ಆ ಮನೆ ಅಂದ್ರೆ... ನಾವಾ?”

“ಹೂಂ.”

“ಮೊದ್ಲು ತಾಳಿ ಕಟ್ಟಿಸ್ಕಂಡೋಳು ನಾನಲ್ವೇನೆ?”

ಅವ್ವ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ, ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಕೇಳದಿದ್ದುದನ್ನು ಕೇಳಿದಳು.

“ಆ ಹುಡುಗಿ ತಾಯಿ ಹೆಸ್ರೇನು?”

ನನಗೆ ಗೊತ್ತಿರಲಿಲ್ಲ. ಅವರದೇ ಊರಿನಲ್ಲಿ ಇದ್ದುಕೊಂಡು, ಅವರ ಮಗಳಿಗೆ ದಿನಾ ಪಾಠ ಹೇಳುತ್ತಿದ್ದೆ.