ಕೂರಿಸಿ, ನೀರು ಕೊಟ್ಟು, ಆಮೇಲೆ ಹೇಳುವ ಸಿಸ್ಟರ್

ಚಿತ್ರದುರ್ಗದ ಗಾಳಿ ಎಂಥದ್ದೆಂದರೆ, ಬೆಳಗಿನ ಜಾವ ಇಲ್ಲಿ ಬಾಯಿ ತೆರೆದವನ ಆಕಳಿಕೆ ಹೊಳಲ್ಕೆರೆಯಲ್ಲಿ ಹೋಗಿ ಮುಗಿಯುತ್ತದೆ. ಆ ಗಾಳಿಗೆ ಟವೆಲ್ಲು ತಲೆಗೆ ಸುತ್ತಿಕೊಂಡ ಅಣ್ಣ ತಮ್ಮ ಇಬ್ಬರು, ಮೊದಲ ಬಸ್ಸಿಳಿದು ಬಂದವರು, ಖಾಸಗಿ ಆಸ್ಪತ್ರೆಯೊಂದರ ಗೇಟಿನ ಮುಂದೆ ನಿಂತಿದ್ದಾರೆ. ಹಿಂದಿನ ದಿನ ಸಂಜೆ ತಾಯಿಯನ್ನು ಸೇರಿಸಿ ಹೋದವರು. ಒಳಗಿನಿಂದ ಬಿಳಿ ಸಮವಸ್ತ್ರದ ಮೇಲೆ ನೀಲಿ ಸ್ವೆಟರು ಹಾಕಿದ ನರ್ಸ್ ಬರುತ್ತಾರೆ. ಒಂದು ಕೈಯಲ್ಲಿ ಸ್ಟೀಲ್ ಜಗ್ಗು, ಇನ್ನೊಂದರಲ್ಲಿ ಎರಡು ಲೋಟ.

"ಬರ್ರಿ ಅಣ್ಣಾ. ಅಲ್ಲಿ ಗಾಳಿ ಐತೆ, ಈ ಕಡೆ ಬೆಂಚಿಗೆ ಕುಂತ್ಕಳ್ರಿ."

"ಅವ್ವ ಹೆಂಗದಾಳೆ ಸಿಸ್ಟರ್?" ಅಣ್ಣ ಕೇಳುತ್ತಾನೆ.

"ಹೇಳ್ತೀನಿ. ಬಸ್ಸಿನಾಗೆ ಸೀಟ್ ಸಿಕ್ತಾ? ಮೊದ್ಲು ನೀರು ಕುಡೀರಿ. ಮನೇಲಿ ಈಗ ಯಾರಿದಾರೆ? ತಂಗಿ ಒಬ್ಬಳೇನಾ? ಪಕ್ಕದ ಮನೆಯೋರು ಅದಾರಾ?"

ಅಣ್ಣ ಒಂದೊಂದಕ್ಕೂ ಉತ್ತರ ಕೊಡುತ್ತಾನೆ. ತಮ್ಮ ಮಾತ್ರ ಪಕ್ಕದ ಮನೆಯ ಮಾತು ಬಂದ ಕೂಡಲೇ ಬೆಂಚಿನ ಅಂಚು ಹಿಡಿದುಕೊಂಡಿದ್ದಾನೆ. ನರ್ಸ್ ಅವನ ಪಕ್ಕ ಕೂತು ಮೆಲ್ಲಗೆ ಏನೋ ಹೇಳುತ್ತಾರೆ. ಆ ಹೊತ್ತಿಗೆ ಹೇಳಲು ಹೆಚ್ಚೇನೂ ಉಳಿದಿರುವುದಿಲ್ಲ. ಗಾಳಿ ಕೂಡ ಒಂದು ಗಳಿಗೆ ಗೇಟಿನ ಆಚೆ ನಿಲ್ಲುತ್ತದೆ. ಬೇಕಾದರೆ ನಂಬಿ, ನಾನು ಅಲ್ಲೇ ಇದ್ದೆ.

ಇವರು ದಾಕ್ಷಾಯಿಣಿ. ಐಮಂಗಲದವರು, ಇಲ್ಲಿ ಸ್ಟಾಫ್ ನರ್ಸ್. ಇಂಜೆಕ್ಷನ್, ಡ್ರಿಪ್, ಡ್ರೆಸ್ಸಿಂಗ್ ಎಲ್ಲ ನರ್ಸುಗಳಂತೆ ಇವರಿಗೂ ಇದೆ. ಅದರ ಮೇಲೆ ಯಾವ ನೇಮಕಾತಿಯಲ್ಲೂ ಇಲ್ಲದ ಇನ್ನೊಂದು ಕೆಲಸ ಇವರ ಪಾಲಿಗೆ ಬಂದಿದೆ: ಸತ್ತ ಸುದ್ದಿ ಹೇಳುವುದು. ಈ ಬೆಂಚಿನ ಮೇಲೆ ಅರ್ಧ ಜಿಲ್ಲೆ ಅತ್ತಿದೆ. ಉಳಿದರ್ಧ ಜಾಗ ಸಿಗದೆ ನಿಂತುಕೊಂಡು ಅತ್ತಿದೆ.

"ನಿಂತೋರಿಗೆ ಹೇಳ್ಬಾರ್ದು ಸಾರ್, ಬಿದ್ದು ತಲೆ ಒಡ್ಕಂತಾರೆ," ಎನ್ನುತ್ತಾರೆ ದಾಕ್ಷಾಯಿಣಿ. "ಒಬ್ರೇ ಇದ್ರೂ ಹೇಳ್ಬಾರ್ದು, ಜೊತೆಗೆ ಯಾರಾದ್ರೂ ಬರೋಗಂಟ ಕಾಯ್ಬೇಕು. ನೀರು ಯಾಕೆ ಅಂದ್ರೆ, ಆಮೇಲೆ ಗಂಟ್ಲಿಗೆ ಏನೂ ಇಳಿಯಲ್ಲ. ಮನೇಲಿ ಯಾರಿದಾರೆ ಅಂತ ಕೇಳಿದ್ರೆ ಅವ್ರ ಮನಸ್ಸು ಮನೆ ಕಡೆ ಹೋಗ್ತೈತೆ. ಅಲ್ಲಿ ತಲುಪಿದ್ ಮೇಲೆ ಹೇಳ್ಬೇಕು."

ಇದನ್ನು ಯಾರೂ ಕಲಿಸಿದ್ದಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೊರಗಿನಿಂದ ಬಂದ ಡಾಕ್ಟರೊಬ್ಬರಿದ್ದರು. ಕನ್ನಡ ಬಾರದು. ಸತ್ತವರ ಮನೆಯವರ ಮುಂದೆ ನಿಂತು ಬರೀ ಕೈ ತಿರುಗಿಸಿ ತೋರಿಸುತ್ತಿದ್ದರು, ಕರೆಂಟು ಹೋಯಿತು ಎನ್ನುವ ಹಾಗೆ. ನೋಡಲಾರದೆ ದಾಕ್ಷಾಯಿಣಿ ಒಮ್ಮೆ ನಡುವೆ ಬಂದು ಮಾತಾಡಿದರು. ಡಾಕ್ಟರು ಊರು ಬಿಟ್ಟು ಹೋದರು, ಕೆಲಸ ಇವರ ಕೊರಳಿಗೆ ಉಳಿಯಿತು. ಕನ್ನಡ ಚೆನ್ನಾಗಿಯೇ ಬರುವ ಡಾಕ್ಟರುಗಳು ಈಗ ಇವರನ್ನು ಕಂಡ ಕೂಡಲೇ ಒಂದೇ ಮಾತು ಹೇಳಿ ಲಿಫ್ಟಿನೊಳಗೆ ಮಾಯವಾಗುತ್ತಾರೆ: "ಸಿಸ್ಟರ್, ನೀವೇ ಸ್ವಲ್ಪ ಹೇಳಿಬಿಡಿ."

ಹೀಗೆ ಹೇಳಿ ಹೇಳಿ ಇವರ ಮುಖ ನಾಲ್ಕು ತಾಲ್ಲೂಕಿಗೆ ಪರಿಚಯ. ಪರಿಚಯ ಎಂದರೆ ನಮಸ್ಕಾರ ಬೀಳುತ್ತದೆ ಎಂದುಕೊಳ್ಳಬೇಡಿ. ಹಿರಿಯೂರಿನ ಬಸ್ಸಿನಲ್ಲಿ ಇವರನ್ನು ಕಂಡ ಗಂಡಸೊಬ್ಬ ಟಿಕೆಟ್ಟು ತೆಗೆದುಕೊಂಡಿದ್ದರೂ ಇಳಿದುಹೋದ. ಚಿತ್ರದುರ್ಗದ ಮಾರುಕಟ್ಟೆಯಲ್ಲಿ ಹೂ ಅಳೆಯುತ್ತಿದ್ದ ಹೆಂಗಸಿನ ಮೊಳ ಅರ್ಧಕ್ಕೆ ನಿಂತಿತು. ಅವಳ ಮಗಳು ಹೆರಿಗೆಗೆ ಆಸ್ಪತ್ರೆ ಸೇರಿದ್ದಳಂತೆ. "ಏನಿಲ್ಲಕ್ಕಾ, ಹೂ ತಗಳಕ್ಕೆ ಬಂದೀನಿ," ಎಂದು ದಾಕ್ಷಾಯಿಣಿ ಆಣೆ ಮಾಡಿದ ಮೇಲೇ ಆಕೆಗೆ ಉಸಿರು ಬಂದದ್ದು. ಆಮೇಲೆ ಬಿಟ್ಟಿ ಹೂ ಕೊಟ್ಟು, ಬೇಗ ಹೋಗುವಂತೆ ಬೇಡಿಕೊಂಡಳು.

ಮದುವೆಯ ಮಾತೂ ಒಮ್ಮೆ ಬಂದಿತ್ತು. ಹೊಳಲ್ಕೆರೆ ಕಡೆಯವರು, ಒಂದೇ ಮಠದ ಭಕ್ತರು, ಹುಡುಗ ಬ್ಯಾಂಕಿನಲ್ಲಿ. ಹೆಣ್ಣು ನೋಡಲು ಐಮಂಗಲಕ್ಕೆ ಬಂದರು. ದಾಕ್ಷಾಯಿಣಿ ಉಪ್ಪಿಟ್ಟಿನ ತಟ್ಟೆ ಹಿಡಿದು ಹೊರಗೆ ಬಂದದ್ದೇ ತಡ, ಹುಡುಗನ ತಾಯಿ ಎದ್ದು ನಿಂತುಬಿಟ್ಟರು. ಮುಂದಿನದನ್ನು ದಾಕ್ಷಾಯಿಣಿಯವರ ತಾಯಿ ಬಸಮ್ಮ ಹೇಳುತ್ತಾರೆ: "ಆ ಯಮ್ಮನ ಗಂಡ ತೀರ್ಕಂಡಾಗ ಸುದ್ದಿ ಹೇಳಿದ್ದು ನಮ್ ಹುಡುಗೀನೆ. ಒಳ್ಳೇ ಹುಡುಗಿ, ಅವತ್ತು ನಂಗೆ ತಾಯಿ ಇದ್ದಂಗೆ ಇದ್ಲು, ಅಂದ್ರು. ಆದ್ರೆ ದಿನಾ ಬೆಳಗಾದ್ರೆ ಈ ಮುಖ ನೋಡಕ್ಕೆ ನನ್ ಕೈಲಿ ಆಗಲ್ಲ ಕಣವ್ವ, ಅಂತ ಅತ್ರು. ಉಪ್ಪಿಟ್ಟು ಅಂಗೇ ಉಳೀತು."

ಅವತ್ತೇ ದಾಕ್ಷಾಯಿಣಿ ತೀರ್ಮಾನ ಮಾಡಿದರು: ತನ್ನ ಮುಖ ಯಾರೂ ನೋಡಿರದ ಜಾಗಕ್ಕೆ ಹೋಗಬೇಕು. ದೇಶ ಬಿಡುವವರು ಸಂಬಳಕ್ಕೆ ಬಿಡುತ್ತಾರೆ, ಗಂಡನ ಹಿಂದೆ ಬಿಡುತ್ತಾರೆ. ಹೀಗೊಂದು ಕಾರಣಕ್ಕೆ ಹೊರಟವರನ್ನು ನಾನಂತೂ ಭೂಮಂಡಲದಲ್ಲೇ ಕಂಡಿಲ್ಲ. ಐರ್ಲೆಂಡಿನ ಒಂದು ವೃದ್ಧರ ಆರೈಕೆ ಕೇಂದ್ರ ಕೆಲಸ ಕೊಡಲು ಒಪ್ಪಿತು. ನರ್ಸುಗಳಿಗೆಂದೇ ಇರುವ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ಪಾಸಾಗಬೇಕು, ಅದೊಂದೇ ಷರತ್ತು.

ಓದುವುದು, ಕೇಳಿಸಿಕೊಳ್ಳುವುದು, ಮಾತಾಡುವುದು ಮೂರೂ ಮೊದಲ ಸಲವೇ ಪಾಸು. ಮಾತಿನ ಭಾಗದಲ್ಲಿ ರೋಗಿಯಂತೆ ನಟಿಸುವವರ ಜೊತೆ ಮಾತಾಡಬೇಕು. ಆ ನಟ ನಿಜವಾಗಿಯೂ ಸಮಾಧಾನಗೊಂಡು ಮನೆಗೆ ಹೋಗಿರಬೇಕೆಂದು ನನ್ನ ಬಲವಾದ ಊಹೆ. ಬಿದ್ದದ್ದು ಬರವಣಿಗೆಯಲ್ಲಿ. ರೋಗಿಯೊಬ್ಬನ ವಿವರ ಕೊಡುತ್ತಾರೆ, ಮುಕ್ಕಾಲು ಗಂಟೆಯೊಳಗೆ ಅದನ್ನು ಓದಿ, ಅವನನ್ನು ಮುಂದೆ ನೋಡಿಕೊಳ್ಳುವ ಡಾಕ್ಟರಿಗೋ ನರ್ಸಿಗೋ ಪತ್ರ ಬರೆಯಬೇಕು. ಪತ್ರ ಯಾಕೆ ಬರೆಯುತ್ತಿದ್ದೇನೆ ಎನ್ನುವುದು ಶುರುವಿನಲ್ಲೇ ಇರಬೇಕು. ದಾಕ್ಷಾಯಿಣಿ ಅಲ್ಲೂ ಬೆಂಚು ಹಾಕಿ ನೀರು ಕೊಟ್ಟರು.

ಇವರಿಗೆ ಪಾಠ ಹೇಳಿದ ಗುರುರಾಜ್ ಮೇಷ್ಟ್ರ ತರಗತಿ ಇರುವುದು ಚಿತ್ರದುರ್ಗದ ಗೊಬ್ಬರದಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಅಲ್ಲಿ ಯೂರಿಯಾ ವಾಸನೆ ಎಷ್ಟೆಂದರೆ, ತಿಂಗಳು ಕೂತವರಿಗೆ ಇಂಗ್ಲಿಷಿಗಿಂತ ಮೊದಲು ಕೂದಲು ಬೆಳೆಯುತ್ತದೆ. ಹಿರಿಯೂರು, ಹೊಸದುರ್ಗದಿಂದ ಬರುವ ನರ್ಸುಗಳೆಲ್ಲ ಅಲ್ಲೇ. ಲಿವರ್ ಕ್ಯಾನ್ಸರಿನ ಮುದುಕರೊಬ್ಬರ ಬಗ್ಗೆ ಅಭ್ಯಾಸಕ್ಕೆಂದು ದಾಕ್ಷಾಯಿಣಿ ಬರೆದ ಪತ್ರವನ್ನು ಮೇಷ್ಟ್ರು ಇವತ್ತಿಗೂ ಮರೆತಿಲ್ಲ. ಮುದುಕರು ಮಗಳ ಮನೆಯಲ್ಲಿದ್ದಾರೆ, ಮಗಳು ಚೆನ್ನಾಗಿ ನೋಡಿಕೊಳ್ಳುತ್ತಾಳೆ, ಮೊಮ್ಮಗ ಶಾಲೆಗೆ ಹೋಗುತ್ತಾನೆ, ಬೆಳಗ್ಗೆ ಸ್ವಲ್ಪ ಗಂಜಿ ಕುಡಿದಿದ್ದಾರೆ. ಪುಟದ ಕಟ್ಟಕಡೆಗೆ, ಮನೆಯವರು ಧೈರ್ಯವಾಗಿರುವುದು ಒಳ್ಳೆಯದು. ಕ್ಯಾನ್ಸರ್ ಎನ್ನುವ ಪದ ಎಲ್ಲೂ ಇಲ್ಲ.

"ಏನಮ್ಮ ಇದು? ಮೊಮ್ಮಗ ಸ್ಕೂಲಿಗೆ ಹೋಗೋದು ಕಟ್ಕಂಡು ಆ ಡಾಕ್ಟ್ರು ಏನ್ ಮಾಡ್ತಾನೆ? ಆ ಯಪ್ಪ ಸಾಯ್ತಾ ಅವ್ನೆ ಅಂತ ನಿಂಗೆ ಗೊತ್ತು, ನಂಗೆ ಗೊತ್ತು. ಲೆಟರ್ ಓದೋನಿಗೆ ಮಾತ್ರ ಗೊತ್ತಿಲ್ಲ!" ಎಂದರಂತೆ ಮೇಷ್ಟ್ರು.

"ಮೊದ್ಲೇ ಹೇಳಿದ್ರೆ ಗಾಬರಿ ಆಗಲ್ವಾ ಸಾರ್?"

"ಯಾರಿಗೆ?"

"ಓದೋರಿಗೆ."

"ಲೇ ತಾಯಿ, ಅವ್ನು ಡಾಕ್ಟ್ರು! ಅವ್ನಿಗ್ಯಾಕೆ ನೀರು ಕುಡಿಸ್ತೀಯ?"

ತರಗತಿ ಬಿದ್ದು ಬಿದ್ದು ನಕ್ಕಿತು. ದಾಕ್ಷಾಯಿಣಿ ನಗಲಿಲ್ಲ. ಮೂರು ಸಲ ಬೆಂಗಳೂರಿಗೆ ಹೋಗಿ ಬರೆದರು, ಮೂರು ಸಲವೂ ಬರವಣಿಗೆಯಲ್ಲಿ ಒಂದು ಗ್ರೇಡ್ ಕಡಿಮೆ. ವರ್ಷದ ಕೊನೆಯವರೆಗೆ ಮಾತ್ರ ಜಾಗ ಹಿಡಿದಿಡುವುದಾಗಿ ಐರ್ಲೆಂಡಿನವರು ತಿಳಿಸಿದರು. ನಾಲ್ಕನೆಯದೇ ಕೊನೆಯದು.

ಗುರುರಾಜ್ ಮೇಷ್ಟ್ರು ಆಗ ಒಂದು ಮದ್ದು ಹಿಡಿದರು. ಪೂರ್ತಿ ಪತ್ರ ಬೇಡ, ಮೊದಲ ಸಾಲು ಮಾತ್ರ. ಅದರಲ್ಲೇ ಕಾಯಿಲೆ, ಅದರಲ್ಲೇ ಗತಿ. ದಾಕ್ಷಾಯಿಣಿ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡರು, ವಾರ್ಡಿನಲ್ಲಿ ಮಂಚ ಮಂಚಕ್ಕೂ ಒಂದೊಂದು ಸಾಲು ಕಟ್ಟಿದರು. ಬಸಮ್ಮನವರಿಗೆ ದಿಗಿಲಾಗಿತ್ತು: "ಮುದ್ದೆ ತಿರುವುತಿದ್ರೂ ಬಾಯಾಗೆ ಅದೇ. ಇಂಗ್ಲೀಷಿನಾಗೆ ಯಾರನ್ನೋ ಸಾಯಿಸ್ತಾ ಇರೋಳು." ಒಲೆಯ ಮೇಲಿನ ಎಸರು ಹೆದರಿ ಕುದಿಯುವುದನ್ನೇ ಬಿಟ್ಟಿತೆಂದು ನಾನು ಸೇರಿಸುತ್ತೇನೆ. ಮದ್ದು ಹಿಡಿಯಿತು. ಸಾಲುಗಳು ಚಾಕುವಿನಂತಾದವು. ಮೇಷ್ಟ್ರು ಹೊಸದುರ್ಗದ ಹುಡುಗಿಯರಿಗೆ ಇವರ ಕಾಗದ ಎತ್ತಿ ತೋರಿಸತೊಡಗಿದರು.

ಇಲ್ಲಿಂದ ಮುಂದಿನದಕ್ಕೆ ನಾನು ಒಂದು ಅಕ್ಷರವನ್ನೂ ಸೇರಿಸುವುದಿಲ್ಲ.

ಪರೀಕ್ಷೆಗೆ ಕೆಲವು ದಿನ ಬಾಕಿ. ಶ್ರೀರಾಂಪುರದ ಹತ್ತಿರದ ಹಳ್ಳಿಯ ದೊಡ್ಡತಿಮ್ಮಪ್ಪ ಎನ್ನುವವರು ವಾರದಿಂದ ದಾಖಲಾಗಿದ್ದರು. ಬೆಳಕು ಹರಿಯುವ ಮೊದಲು ತೀರಿಕೊಂಡರು. ಹೆಂಡತಿ ಹೊನ್ನಕ್ಕ ಊರಿಗೆ ಹೋಗಿದ್ದವರು, ಬೆಳಗಿನ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಒಬ್ಬರೇ ಬಂದರು. ಗೇಟಿನಲ್ಲಿ ದಾಕ್ಷಾಯಿಣಿ ಎದುರಾದರು. ಮುಂದಿನದು ಅವರ ಮಾತಿನಲ್ಲೇ ಇರಲಿ.

"ಸಿಸ್ಟರ್, ನಮ್ಮನೆಯೋರು ಎದ್ದವ್ರಾ, ಅಂತ ಕೇಳಿದ್ಲು ಆ ಯಮ್ಮ. ನಾನು, ಹೊನ್ನಕ್ಕ, ನಿಮ್ಮನೆಯೋರು ತೀರ್ಕಂಡ್ರು, ಅಂದ್ಬಿಟ್ಟೆ ಸಾರ್. ಹಂಗೇ. ಮೊದಲ್ನೇ ಮಾತೇ ಅದು. ಕುಂತ್ಕಳ್ರಿ ಅನ್ಲಿಲ್ಲ. ನೀರು ಕೊಡ್ಲಿಲ್ಲ. ಜೊತೆಗೆ ಯಾರಿದಾರೆ ಅಂತ ನೋಡ್ಲಿಲ್ಲ. ಬಾಯಿಂದ ಬಂದ್ ಮೇಲೆ ಗೊತ್ತಾತು, ನಾನು ಲೆಟರ್ ಬರೆದಂಗೆ ಹೇಳಿದೀನಿ ಅಂತ.

"ಆ ಯಮ್ಮ ಅಳ್ಲಿಲ್ಲ. ಬೀಳ್ಲಿಲ್ಲ. ಬುತ್ತಿ ಗಂಟು ಎತ್ತಿ ತೋರ್ಸಿ, ಹಂಗಾದ್ರೆ ಇದನ್ನ ಯಾರಿಗೆ ಕೊಡ್ಲವ್ವ, ಅಂದ್ಲು. ನಂಗೇ ಕೊಡು ಅಂತ ಇಸ್ಕಂಡೆ. ಅಲ್ಲೇ ಮೆಟ್ಲ ಮೇಲೆ ಕುಂತು ಬಿಚ್ಚಿದೆ. ರೊಟ್ಟಿ, ಕಾಳು ಪಲ್ಯ. ಒಂದು ತುತ್ತೂ ಇಳೀವಲ್ದು, ಆದ್ರೂ ಉಂಡೆ. ಆ ಯಮ್ಮ ಎದುರಿಗೆ ಕುಂತು ನಾನು ಉಣ್ಣೋದನ್ನೇ ನೋಡ್ತಾ ಇದ್ಲು. ಉಪ್ಪು ಸರಿ ಐತಾ, ಅಂತ ಕೇಳಿದ್ಲು. ಐತೆ ಅಕ್ಕ, ಅಂದೆ. ಆಗ ಅತ್ಲು."

ಗುರುರಾಜ್ ಮೇಷ್ಟ್ರಿಗೆ ದಾಕ್ಷಾಯಿಣಿ ಇದನ್ನು ಹೇಳಿ, ಇನ್ನು ತರಗತಿಗೆ ಬರುವುದಿಲ್ಲ ಎಂದರು. "ನಾನು ಬರೆಯೋಕೆ ಹೇಳಿದ್ದಮ್ಮ, ಆಡೋಕಲ್ಲ," ಎಂದಷ್ಟೇ ಮೇಷ್ಟ್ರು ಹೇಳಿದ್ದು. ನನಗೂ ಅದನ್ನೇ ಹೇಳಿ, ಕನ್ನಡಕ ತೆಗೆದು ಒರೆಸುತ್ತಾ ಕೂತರು.

ಪರೀಕ್ಷೆಗೆ ಮಾತ್ರ ದಾಕ್ಷಾಯಿಣಿ ಹೋದರು. ಪ್ರಶ್ನೆ ಏನಿತ್ತೆಂದು ಹೇಳುವ ಹಾಗಿಲ್ಲವಂತೆ, ಹೇಳಲೂ ಇಲ್ಲ. "ಮೊದಲ್ನೇ ಸಾಲಲ್ಲೇ ಬರೆದೆ ಸಾರ್. ಹಿಂದಿನ ಮೂರು ಸಲವೂ ಅಲ್ಲಿಗೆ ಬಂದಾಗ ಪೆನ್ನು ನಿಲ್ತಿತ್ತು. ಈ ಸಲ ನಿಲ್ಲೇ ಇಲ್ಲ. ಹೊರಗೆ ಬಂದ್ ಮೇಲೆ ಅದನ್ನೇ ನೆನಸ್ಕಂಡು ಬಸ್‌ ಸ್ಟ್ಯಾಂಡಿನಾಗೆ ಅತ್ತೆ."

ಫಲಿತಾಂಶ ಬಂದದ್ದು ಕಳೆದ ತಿಂಗಳು. ಬೇಕಾದ ಗ್ರೇಡ್ ಬಂದಿದೆ. ಆ ಸುದ್ದಿಯನ್ನು ಅವರು ನನಗೆ ಫೋನಿನಲ್ಲಿ ಎರಡೇ ಪದದಲ್ಲಿ ಮುಗಿಸಿದರು: "ಪಾಸಾದೆ ಸಾರ್." ಐಮಂಗಲದಲ್ಲಿ ಬಸಮ್ಮ ಪಾಯಸ ಮಾಡಿದರು. ನಾನೂ ಹೋಗಿ ಉಂಡೆ, ಮೂರು ಊರಿಗೆ ಸಾಲುವಷ್ಟು. ದಾಕ್ಷಾಯಿಣಿ ಒಂದು ಚಮಚ ಬಾಯಿಗಿಟ್ಟು ಲೋಟ ಕೆಳಗಿಟ್ಟರು.

"ಹೊನ್ನಕ್ಕ ಬಂದಿದ್ ದಿನದಿಂದ ಗೇಟಿಗೆ ಹೋದ್ರೆ ಕುಂತ್ಕಳ್ರಿ, ತೀರ್ಕಂಡ್ರು ಎರಡೂ ಒಟ್ಟಿಗೇ ಬಾಯಿಗೆ ಬರ್ತವೆ ಸಾರ್," ಎನ್ನುತ್ತಾರೆ. "ಕುಂತ್ಕಳ್ರಿ ಅನ್ನೋದನ್ನ ಈಗ ನೆನಪು ಮಾಡ್ಕಂಡು ಅನ್ಬೇಕು. ಮೊದ್ಲು ಅದು ತಾನೇ ಬರ್ತಿತ್ತು."

ಇವರು ಹೋದ ಮೇಲೆ ಈ ಕೆಲಸ ಯಾರದು ಎಂದು ಆಸ್ಪತ್ರೆಯ ಆಡಳಿತದವರನ್ನು ಕೇಳಿದೆ. ಅದಕ್ಕೆಂದು ಬೇರೆ ಜನ ಇಡುವುದಿಲ್ಲವಂತೆ. ಮನೆಯವರನ್ನು ಹೆಸರು ಕೂಗಿ ಬಿಲ್ಲಿನ ಕೌಂಟರಿಗೆ ಕರೆಸಿ, ಅಲ್ಲೇ ತಿಳಿಸುವ ವ್ಯವಸ್ಥೆ ಆಗುತ್ತಿದೆ. ಆ ಕೌಂಟರಿನ ಮುಂದೆ ಕುರ್ಚಿ ಇಲ್ಲ. ನೋಡಿಕೊಂಡೇ ಬಂದೆ.

ನಾವು ಹೊರಡುವ ಮುನ್ನ, ನನ್ನ ಜೊತೆ ಬಂದಿದ್ದ ನಮ್ಮ ಪತ್ರಿಕೆಯ ಛಾಯಾಗ್ರಾಹಕ ಕ್ಯಾಮೆರಾ ತೆಗೆದ. ಬೆಂಚಿನ ಮೇಲೆ, ಬೆಳಗಿನ ಬಿಸಿಲಿಗೆ ಮುಖ ಕೊಟ್ಟು ಕೂರಬೇಕೆಂದು ಕೇಳಿದ. ಈ ಪುರವಣಿಯಲ್ಲಿ ಚಿತ್ರ ಬಂದವರನ್ನು ಊರವರು ಆನೆ ಮೇಲೆ ಕೂರಿಸುತ್ತಾರೆಂದು ನಾನೂ ಆಸೆ ಹಚ್ಚಿದೆ. ದಾಕ್ಷಾಯಿಣಿ ಕೈ ಅಡ್ಡ ಹಿಡಿದರು.

"ಫೋಟೋ ಬ್ಯಾಡ್ರಿ ಸಾರ್. ಇನ್ನೂ ಎರಡು ತಿಂಗ್ಳು ಇಲ್ಲೇ ಇರ್ತೀನಿ. ಭಾನುವಾರ ಜನ ನೆಮ್ಮದಿಯಾಗಿ ಕಾಫಿ ಕುಡೀತಾ ಪೇಪರ್ ಬಿಡಿಸ್ತಾರೆ. ನನ್ ಮುಖ ಕಂಡ್ರೆ, ಯಾರಿಗೆ ಏನಾಯ್ತಪ್ಪ ಅಂತ ಎದ್ದು ಕುಂತ್ಕಂತಾರೆ. ಬರೀ ಹೆಸರು ಹಾಕ್ರಿ, ಸಾಕು. ಹೆಸರು ಯಾರಿಗೂ ಗೊತ್ತಿಲ್ಲ."