ಅತ್ತೆ ತೋರಿಸಿದ ಪರದೇಶದ ಸಿನಿಮಾ

ಹೊಸ ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಾಗ ಮೂಗಿಗೆ ಬಡಿಯುವ ವಾಸನೆ ಉಳಿದವರಿಗೆ ಮದುವೆ ಮನೆಯನ್ನು ನೆನಪಿಸುತ್ತದೆ. ನನಗೆ ಮಾತ್ರ ಹಿಮ ಬೀಳುವ ಒಂದು ರೈಲು ನಿಲ್ದಾಣ ಕಣ್ಣ ಮುಂದೆ ಬರುತ್ತದೆ. ನಗಬೇಡಿ. ಮೊಳಕಾಲ್ಮೂರಿನ ನಮ್ಮ ಮಗ್ಗದ ಮನೆಯಲ್ಲಿ, ಎರಡು ಮಗ್ಗಗಳ ನಡುವೆ ಚಾಪೆ ಹಾಸಿಕೊಂಡು, ನಾನು ಹಿಮವನ್ನು ಮೊದಲು ಕಂಡದ್ದು ಆ ವಾಸನೆಯೊಳಗೇ ಕೂತು.

ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವಂತಿರಲಿಲ್ಲ. ಬೆಳಗ್ಗೆ ಮಗ್ಗಕ್ಕೆ ಪೂಜೆ, ಮಧ್ಯಾಹ್ನ ಊಟವಾದ ಮೇಲೆ ಸಿನಿಮಾ. ಸೋದರಮಾವ ಚಳ್ಳಕೆರೆಯಿಂದ ತರುತ್ತಿದ್ದ ತೆಲುಗು ಸಿನಿಮಾ ನೋಡಲು ಓಣಿಯವರೂ ಬಂದು ಕೂರುತ್ತಿದ್ದರು. ಅಪ್ಪನ ಅಕ್ಕ ನರಸಮ್ಮತ್ತೆ ಮಾತ್ರ ಹಿಂದೆ ಗೋಡೆಗೆ ಒರಗಿರುತ್ತಿದ್ದಳು. ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ಅವಳ ಕಿವಿ ಪೂರ್ತಿ ಹೋಗಿತ್ತು. ನಾವು ನಕ್ಕರೆ, ನಮ್ಮ ಮುಖ ನೋಡಿ, ಒಂದು ಗಳಿಗೆ ತಡವಾಗಿ ಅವಳೂ ನಗುತ್ತಿದ್ದಳು. ಏನಾಯಿತೆಂದು ಕೇಳಿದರೆ ಅಪ್ಪ ಆಮೇಲೆ ಹೇಳುತ್ತೇನೆಂದು ಕೈಯಾಡಿಸುತ್ತಿದ್ದ. ಹೇಳಿದ್ದನ್ನು ನಾನು ಕಾಣೆ. ಒಂದೇ ಮನೆಯಲ್ಲಿದ್ದೂ ಅವಳು ನಮ್ಮ ಮಾತಿನಿಂದ ಹೊರಗೇ ಇದ್ದಳು.

ಒಂದು ಅಮಾವಾಸ್ಯೆ, ಡಿಸ್ಕ್ ಅಂಗಡಿಯವನು ಕವರು ಅದಲುಬದಲು ಮಾಡಿ ಕೊಟ್ಟಿದ್ದ. ಪರದೆ ತುಂಬ ಹಿಮ, ಉದ್ದ ಕೋಟಿನ ಹೆಂಗಸು, ಒಂದಕ್ಷರವೂ ತಿಳಿಯದ ಭಾಷೆ. "ತೆಗೀಲೇ ಅದನ್ನ" ಎಂದು ಅಪ್ಪ ಮಾವನಿಗೆ ಗದರಿದ. ಮಾವ ಎದ್ದು ಟೀವಿಯತ್ತ ಹೋದದ್ದನ್ನು ಕಂಡ ಅತ್ತೆಯ ಏರುದನಿ ಹಿಂದಿನಿಂದ ಕೇಳಿತು: "ಇರ್ಲಿ ಬಿಡ್ರೋ! ಚೂಡು ಚೂಡು, ನೋಡ್ರೋ, ಆ ಕೋಟು ಅವಳ್ದಲ್ಲ. ಯಾರ್ದೋ ಎರವಲು ತಂದು ಹಾಕ್ಕಂಡಾಳೆ, ಅದಕ್ಕೇ ಮುಟ್ಟಿ ಮುಟ್ಟಿ ನೋಡ್ಕಂತಾಳೆ. ಗಂಡ ಬರೋ ರೈಲಿಗೆ ಕಾಯ್ತಾ ಐದಾಳೆ." ರೈಲು ಬಂತು, ಯಾರೂ ಇಳಿಯಲಿಲ್ಲ. ಆಕೆ ಊರಿಗೆ ಮರಳಿ, ಕೋಟು ಕಳಚಿ, ನೆರೆಮನೆಯವಳ ಕೈಗೆ ಕೊಟ್ಟಳು. ಅತ್ತೆ ಹೇಳಿದಂತೆಯೇ ಆಯಿತೆಂದು ನಾವೆಲ್ಲ ತಿರುಗಿ ಅವಳ ಮುಖ ನೋಡಿದೆವು. ಅಂದಿನಿಂದ ಅತ್ತೆಯ ಜಾಗ ಟೀವಿಯ ಮುಂದಕ್ಕೆ ಬಂತು. ಭಾಷೆ ತಿಳಿಯದ ಸಿನಿಮಾನೇ ತಾ ಎಂದು ಮಾವನಿಗೆ ಹೇಳಿ ಕಳಿಸತೊಡಗಿದೆವು.

ಹೀಗೆ ಮೀನುಗಾರರ ಯಾವುದೋ ದೇಶ ನೋಡಿದೆವು. ಅಲ್ಲಿಯೂ ತಾಯಿ ಮಗನಿಗೆ ಬಡಿಸಿ ತನ್ನ ಪಾತ್ರೆ ಬರಿದಾಗಿರುವುದನ್ನು ಮುಚ್ಚಿಡುತ್ತಾಳೆಂದು ಕಂಡು ಬೆರಗಾದೆವು. ಮರಳುಗಾಡಿನ ದೇಶದ ಹುಡುಗಿಯೊಬ್ಬಳು ಗೋಡೆಗೆ ನಿಲ್ಲಿಸಿದ ಮಗ್ಗದಲ್ಲಿ ಜಮಖಾನ ನೇಯುತ್ತಿದ್ದಳು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ, ಅಮಾಸೆ ದಿನ ಮಗ್ಗಕ್ಕೆ ಕೈ ಹಾಕ್ಯಾಳಲ್ಲ! ಏನೋ ಕೇಡೈತೆ." ನಮಗೆ ಅಮಾವಾಸ್ಯೆಯಾದರೆ ಅವಳಿಗೂ ಅಮಾವಾಸ್ಯೆಯೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅಪ್ಪನೇ "ನಿಲ್ಸಮ್ಮಾ, ಸಾಕು" ಎಂದು ಟೀವಿಗೆ ಹೇಳಿದ. ಹುಡುಗಿ ನಿಲ್ಲಿಸಲಿಲ್ಲ. ಕೊನೆಗೆ ಅವಳ ಅಣ್ಣ ಸತ್ತಾಗ ಓಣಿಯ ಹೆಂಗಸರು ಅತ್ತೆಗೆ ಕೈ ಮುಗಿಯುವುದೊಂದು ಬಾಕಿ. ಅಂದು ಅಪ್ಪ ತಾನಾಗಿ ಅಕ್ಕನ ಎದುರು ಕೂತು, ಆ ಹುಡುಗಿ ಇನ್ನೇನು ಮಾಡುತ್ತಾಳೆಂದು ಕೈಸನ್ನೆಯಲ್ಲಿ ಕೇಳಿದ. ಅತ್ತೆ ಉತ್ತರ ಹೇಳುವ ಮೊದಲು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಇನ್ನೆಂದೂ ನೋಡಲಿಲ್ಲ.

ಆ ಮನೆ ಈಗ ಮೊದಲಿನಂತಿಲ್ಲ. ನೇಯುವಾಗ ಕಾಲು ಇಳಿಬಿಡುತ್ತಿದ್ದ ಮಗ್ಗದ ಗುಂಡಿಗಳನ್ನು ಮುಚ್ಚಿ ಮೇಲೆ ಟೈಲ್ಸ್ ಹಾಕಿದ್ದಾರೆ. ಅತ್ತೆ ತೀರಿಕೊಂಡ ಮೇಲೆ ಅಪ್ಪ ಚಳ್ಳಕೆರೆಯ ನನ್ನ ಮನೆಗೆ ಬಂದ. ಒಂದು ಮಧ್ಯಾಹ್ನ ನಾನು ಟೀವಿಯಲ್ಲಿ ದೂರದೇಶದ ಸಿನಿಮಾವೊಂದನ್ನು ಹಾಕಿದೆ. ಮಾತಿನ ಅರ್ಥ ಕೆಳಗೆ ಕನ್ನಡದ ಅಕ್ಷರಗಳಲ್ಲಿ ಬರುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿ, "ಸೌಂಡ್ ತೆಗಿಯಮ್ಮಾ. ಆ ಅಕ್ಷರಾನೂ ತೆಗಿ" ಎಂದ. ತೆಗೆದೆ. ಕೊನೆಯವರೆಗೂ ಆ ಮುಖಗಳನ್ನೇ ದಿಟ್ಟಿಸುತ್ತ ಕೂತಿದ್ದ.

"ನಂಗೇನೂ ಗೊತ್ತಾಗ್ಲಿಲ್ಲ ಕಣಮ್ಮಾ" ಎಂದ ಮುಗಿದ ಮೇಲೆ. "ಅಕ್ಕ ಹೆಂಗೆ ನೋಡ್ತಿದ್ಲೋ."

ಟೀವಿಯ ಹತ್ತಿರಕ್ಕೆ ಸರಿದು ಕೂತು, "ಇನ್ನೊಂದ್ಸಲ ಹಾಕು" ಎಂದ.